ಅರ್ಧ ಬಿಡಿಸಿದ ಲೆಕ್ಕ ಹಿಡಿದು ಬನ್ನಿ



ಇವತ್ತಿನ ಮಾತು ಬಿ.ಎಸ್‌ಸಿ. ಮೊದಲ ವರ್ಷಕ್ಕೆ ಸೇರಿದ ಹುಡುಗ ಹುಡುಗಿಯರಿಗೆ. ಮನೆಯ ಹಿರಿಯರು ರೇಡಿಯೋ ಹತ್ತಿರ ಕೂತಿದ್ದರೆ ಅವರೂ ಕೇಳಲಿ. ಕೊನೆಗೆ ಅವರಿಗೆ ಒಂದು ಬೇಡಿಕೆ ಇದೆ.

ವಿದ್ಯಾರ್ಥಿಗಳೆ, ಕಾಲೇಜಿಗೆ ಫೀ ತುಂಬಿದಾಗ ನಿಮಗೊಂದು ರಸೀದಿ ಕೊಟ್ಟರು. ಅದರ ತಳದಲ್ಲಿದ್ದ ಒಟ್ಟು ಮೊತ್ತ ಅಷ್ಟೇ ನೋಡಿ ಮಡಚಿ ಇಟ್ಟಿರುತ್ತೀರಿ. ಇವತ್ತು ಅದನ್ನು ತೆಗೆದು ಸಾಲು ಸಾಲಾಗಿ ಓದಿ. ಬೋಧನಾ ಶುಲ್ಕದ ಕೆಳಗೆ ಸಣ್ಣ ಸಣ್ಣ ಮೊತ್ತಗಳಿರುತ್ತವೆ. ಪ್ರಯೋಗಾಲಯ ಶುಲ್ಕ. ಗ್ರಂಥಾಲಯ ಶುಲ್ಕ. ವಾಚನಾಲಯ ಶುಲ್ಕ. ಕ್ರೀಡಾ ಶುಲ್ಕ. ಕ್ರೀಡೆಗೆ ಕೊಟ್ಟ ದುಡ್ಡನ್ನು ಹುಡುಗರು ಮೈದಾನದಲ್ಲಿ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಗ್ರಂಥಾಲಯಕ್ಕೆ ಕೊಟ್ಟದ್ದನ್ನು ವಸೂಲು ಮಾಡಿದವರು ಎಷ್ಟು ಮಂದಿ?

ನಾನು ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಓದಿನ ನೆರವು ಎಂಬುದು ಪ್ರತಿಯೊಂದು ಕಾಲೇಜಿನಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ. ಡಿಪಾರ್ಟ್‌ಮೆಂಟಿನಲ್ಲಿ ಲೆಕ್ಚರರ್ ಕೂತಿರುತ್ತಾರೆ. ಸಂಜೆ ರೆಮಿಡಿಯಲ್ ಕ್ಲಾಸು ಇರುತ್ತದೆ. ಮೆಂಟರ್ ಎಂದು ಒಬ್ಬರ ಹೆಸರು ನಿಮ್ಮ ಹೆಸರಿನ ಮುಂದೆ ಬರೆದಿರುತ್ತದೆ. ಲ್ಯಾಬಿನಲ್ಲಿ ಅಟೆಂಡರ್ ಇರುತ್ತಾರೆ. ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಬುಕ್ ಬ್ಯಾಂಕ್ ಇರುತ್ತದೆ. ಇಷ್ಟಿದ್ದೂ ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಬರುವ ಮಾತು ಒಂದೇ. ‘ಸರ, ಏನೂ ತಿಳೀವಲ್ದರಿ.’

ಯಾಕೆ ಮೊದಲೇ ಬರಲಿಲ್ಲ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಕಾರಣ ಗೊತ್ತಿರುವಂಥದೇ. ಕೇಳಲು ಹೋಗುವವರು ದಡ್ಡರು ಎಂಬ ಅಂಜಿಕೆ. ರೆಮಿಡಿಯಲ್ ಕ್ಲಾಸಿಗೆ ಕೂತರೆ ಗೆಳೆಯರು ನಗುತ್ತಾರೆ ಎಂಬ ಸಂಕೋಚ. ಊರ ಹೈಸ್ಕೂಲಿಗೇ ಮೊದಲು ಬಂದವರಿಗೆ ಈ ಸಂಕೋಚ ಇನ್ನೂ ಹೆಚ್ಚು. ಹತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟವರು ಈಗ ತಾವೇ ಕೇಳಲು ಹೋಗಬೇಕು. ಅದಕ್ಕೆ ಮನಸ್ಸು ಒಗ್ಗುವುದಿಲ್ಲ.

ಈ ಅಂಜಿಕೆಯ ಬೆಲೆ ಎಷ್ಟು ಎಂದು ಕೂತು ಅಳೆದವರೊಬ್ಬರಿದ್ದಾರೆ. ಅವರ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಡೆದದ್ದು ದೂರದ ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ. 1970ರ ದಶಕದ ನಡುಭಾಗ. ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ಅಲ್ಲಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್ ತರಗತಿಯಲ್ಲಿ ಅವರೊಂದು ಸಂಗತಿ ಗಮನಿಸಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಹಿಂದೆ ಬೀಳುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಮಾಡುತ್ತಿದ್ದರು.

ಕಾರಣ ಏನೆಂದು ಅಧ್ಯಾಪಕರನ್ನು ಕೇಳಿದರು. ಓದುವ ಹುಮ್ಮಸ್ಸಿಲ್ಲ ಎಂದರು ಕೆಲವರು. ಹಿಂದಿನ ತಯಾರಿ ಸಾಲದು ಎಂದರು ಕೆಲವರು. ಮನೆಯಲ್ಲಿ ಒತ್ತಾಸೆ ಇಲ್ಲ, ಬಡತನ ಎಂದವರೂ ಇದ್ದರು. ಟ್ರೈಸ್‌ಮನ್ ಇದನ್ನು ಕೇಳಿ ಸುಮ್ಮನಾಗಲಿಲ್ಲ. ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ವರ್ಷಕ್ಕೂ ಹೆಚ್ಚು ಕಾಲ ಅವರ ಬೆನ್ನಿಗೆ ಬಿದ್ದರು. ಅವರು ಎಲ್ಲಿ ಕೂತು ಓದುತ್ತಾರೆ, ಯಾರ ಜೊತೆ ಓದುತ್ತಾರೆ, ಲೆಕ್ಕ ಬಾರದಿದ್ದಾಗ ಏನು ಮಾಡುತ್ತಾರೆ ಎಂದು ನೋಡುತ್ತಾ ಹೋದರು.

ಅಧ್ಯಾಪಕರು ಕೊಟ್ಟ ಕಾರಣಗಳು ಒಂದೊಂದಾಗಿ ಬಿದ್ದುಹೋದವು. ಹಿಂದೆ ಬಿದ್ದವರಲ್ಲಿ ಎಷ್ಟೋ ಮಂದಿ ತಮ್ಮ ಶಾಲೆಯ ಜಾಣರೇ ಆಗಿದ್ದರು. ಮಕ್ಕಳು ಕಾಲೇಜು ಓದಲಿ ಎಂದು ತಂದೆತಾಯಂದಿರು ಹೊಟ್ಟೆ ಬಟ್ಟೆ ಕಟ್ಟಿ ಕಳಿಸಿದ್ದರು. ಓದಿನಲ್ಲೂ ಮೈಗಳ್ಳತನವಿರಲಿಲ್ಲ. ಒಂದು ತಾಸಿನ ಪಾಠಕ್ಕೆ ಎರಡು ತಾಸು ಓದಬೇಕು ಎಂದು ಮೇಷ್ಟ್ರು ಹೇಳಿದ್ದರು. ಆ ಲೆಕ್ಕದಲ್ಲಿ ವಾರಕ್ಕೆ ಸುಮಾರು ಎಂಟು ತಾಸು. ಅಷ್ಟನ್ನೂ ಚಾಚೂ ತಪ್ಪದೆ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹೇಳುವವರಿಲ್ಲ. ಕೂಡಿಸಿದ್ದು ತಪ್ಪಿತೋ ತತ್ವವೇ ತಿಳಿದಿಲ್ಲವೋ ಗೊತ್ತಾಗುತ್ತಿರಲಿಲ್ಲ.

ಚೀನೀ ಮೂಲದ ಹುಡುಗರೂ ಮೊದಲು ಒಬ್ಬೊಬ್ಬರೇ ಓದುತ್ತಿದ್ದರು. ಆಮೇಲೆ ಸಂಜೆ ಕಲೆಯುತ್ತಿದ್ದರು. ಊಟ ಒಟ್ಟಿಗೆ, ಲೆಕ್ಕವೂ ಒಟ್ಟಿಗೆ. ಒಬ್ಬರ ಉತ್ತರ ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಯಾವುದು ಎಂದು ಎಲ್ಲರಿಗೂ ತಿಳಿದಿರುತ್ತಿತ್ತು. ಅದನ್ನು ಒಯ್ದು ಅಧ್ಯಾಪಕರ ಮುಂದೆ ಇಡುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ನೆರವಿನ ಏರ್ಪಾಡು ಇರಲಿಲ್ಲವೇ? ಇತ್ತು. ಹಿಂದೆ ಬಿದ್ದವರಿಗೆಂದೇ ಟ್ಯೂಷನ್ ಇತ್ತು. ಯಾರಿಗೆ ಬೇಕಾಗಿತ್ತೋ ಅವರೇ ಹೋಗುತ್ತಿರಲಿಲ್ಲ. ಅದು ದಡ್ಡರಿಗೆ ಇದ್ದದ್ದು, ನಾವು ಶಾಲೆಗೇ ಮೊದಲು ಬಂದವರು ಎಂಬ ಭಾವನೆ. ನಮ್ಮ ಹಾವೇರಿ, ಗದಗ, ಕೊಪ್ಪಳದ ಮಕ್ಕಳ ಅಂಜಿಕೆಯೇ ಅಲ್ಲೂ ಇತ್ತು ನೋಡಿ.

ಆಗ ಟ್ರೈಸ್‌ಮನ್ ಒಂದು ಉಪಾಯ ಮಾಡಿದರು. ದಡ್ಡರ ಕ್ಲಾಸು ಎನ್ನಲಿಲ್ಲ. ಜಾಣರಿಗೆ ವಿಶೇಷ ಕಮ್ಮಟ ಎಂದು ಕರೆದರು. ಸುಲಭದ ಲೆಕ್ಕ ಕೊಡಲಿಲ್ಲ. ಪಠ್ಯಕ್ಕಿಂತ ಕಠಿಣವಾದದ್ದನ್ನೇ ಆರಿಸಿ ಕೊಟ್ಟರು. ಸಣ್ಣ ಸಣ್ಣ ಗುಂಪಿನಲ್ಲಿ ಕೂಡಿಸಿದರು. ಹುಡುಗರು ಬಂದರು, ವಾದ ಮಾಡಿದರು, ಜಗಳಾಡಿದರು. ಕಮ್ಮಟದಲ್ಲಿ ಕೂತವರಲ್ಲಿ ಫೇಲಾಗುವವರು ತೀರಾ ಕಡಿಮೆಯಾದರು. ಮೊದಲು ಹಿಂದೆ ಬೀಳುತ್ತಿದ್ದವರ ಗುಂಪಿನಿಂದಲೇ ಒಳ್ಳೆಯ ದರ್ಜೆಯವರು ಎದ್ದುಬಂದರು. ಅಮೆರಿಕದ ಬೇರೆ ಬೇರೆ ಕಾಲೇಜುಗಳು ಈ ಕ್ರಮವನ್ನು ಎತ್ತಿಕೊಂಡವು. ಅದೇ ದೇಶದ ಕಾನ್ಸಾಸ್ ಸಿಟಿಯಲ್ಲಿ 1973ರಲ್ಲೇ ಡಿಯಾನಾ ಮಾರ್ಟಿನ್ ಎಂಬುವರು ಇದಕ್ಕೆ ಹತ್ತಿರದ ಇನ್ನೊಂದು ಏರ್ಪಾಡು ಶುರು ಮಾಡಿದ್ದರು. ಅವರು ದುರ್ಬಲ ವಿದ್ಯಾರ್ಥಿಗಳ ಪಟ್ಟಿ ಮಾಡಲಿಲ್ಲ. ಯಾವ ವಿಷಯದಲ್ಲಿ ವರ್ಷವರ್ಷವೂ ಹೆಚ್ಚು ಜನ ಎಡವುತ್ತಾರೆ ಎಂದು ನೋಡಿ, ಆ ವಿಷಯ ತೆಗೆದುಕೊಂಡ ಎಲ್ಲರಿಗೂ ನೆರವಿನ ಬಾಗಿಲು ತೆರೆದರು. ನಮ್ಮ ಕಾಲೇಜುಗಳು ರೆಮಿಡಿಯಲ್ ಎಂಬ ಹಣೆಪಟ್ಟಿ ತೆಗೆದುಹಾಕಿದರೆ ಅರ್ಧ ಕೆಲಸ ಆದೀತು ಎಂದು ನನ್ನ ಅನಿಸಿಕೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕಾಲೇಜಿನಲ್ಲಿ ನೆರವಿದೆ. ಬಳಸದಿರಲು ಅಂಜಿಕೆ ಕಾರಣ. ನೆರವು ತೆಗೆದುಕೊಂಡವರು ದಡ್ಡರಲ್ಲ ಎಂಬುದಕ್ಕೆ ಬರ್ಕ್‌ಲಿ ಸಾಕ್ಷಿ. ಈಗ ನಮ್ಮ ಡಿಪಾರ್ಟ್‌ಮೆಂಟಿನ ಬಾಗಿಲಿಗೆ ಬರೋಣ. ಒಳಗೆ ಹೋದಾಗ ಕೈಯಲ್ಲಿ ಏನಿರಬೇಕು?

ರಸಾಯನಶಾಸ್ತ್ರದಲ್ಲಿ ಬಫರ್ ದ್ರಾವಣದ ಪಾಠ ನಡೆದಿದೆ ಎನ್ನಿ. ಒಬ್ಬ ಹುಡುಗ ಬಂದು ಹೇಳುತ್ತಾನೆ. ‘ಸರ, ಬಫರ್ ತಿಳೀವಲ್ದರಿ.’

‘ಎಲ್ಲಿ ಮಟ ತಿಳದದ?’

‘ಏನೂ ತಿಳದಿಲ್ರಿ ಸರ.’

‘ಹಂಗಂದ್ರ ನಾ ಎಲ್ಲಿಂದ ಸುರು ಮಾಡ್ಲಿ?’

ಹುಡುಗ ಸುಮ್ಮನೆ ನಿಲ್ಲುತ್ತಾನೆ. ಮೇಷ್ಟ್ರು ತರಗತಿಯಲ್ಲಿ ಹೇಳಿದ್ದನ್ನೇ ಐದು ನಿಮಿಷದಲ್ಲಿ ಇನ್ನೊಮ್ಮೆ ಹೇಳುತ್ತಾರೆ. ತರಗತಿಯಲ್ಲಿ ತಿಳಿಯದ್ದು ಇಲ್ಲೂ ತಿಳಿಯುವುದಿಲ್ಲ. ತಿಳಿಯಿತು ಸರ ಎಂದು ಹೇಳಿ ಹೊರಟುಹೋಗುತ್ತಾನೆ. ಮತ್ತೆ ಬರುವುದಿಲ್ಲ.

ಅದೇ ಪಾಠ, ಇನ್ನೊಬ್ಬ ಹುಡುಗಿ. ಕೈಯಲ್ಲಿ ನೋಟ್‌ಬುಕ್ಕು. ಒಂದು ಪುಟದಲ್ಲಿ ಲೆಕ್ಕ ಬಿಡಿಸಲು ಹೊರಟಿದ್ದಾಳೆ. ಪೂರ್ತಿ ಬಂದಿಲ್ಲ. ಲೆಕ್ಕ ಹೀಗಿದೆ. ಅಸಿಟಿಕ್ ಆಮ್ಲ, ಅದರ ಸೋಡಿಯಂ ಲವಣ. ಎರಡನ್ನೂ ಸಮಸಮ ಪ್ರಮಾಣದಲ್ಲಿ ಬೆರೆಸಿದ ದ್ರಾವಣದ ಪಿಎಚ್ ಎಷ್ಟು? ಅವಳು ಹೇಳುತ್ತಾಳೆ. ‘ಸರ, ಈ ಸಾಲಿನ ಮಟ ಬಂದೀನ್ರಿ. ನನಗ ಐದೂಕಾಲು ಬರ್ತದ. ಪುಸ್ತಕದಾಗ ನಾಲ್ಕೂಮುಕ್ಕಾಲು ಅದ.’

ಈಗ ಮೇಷ್ಟ್ರಿಗೆ ಕೆಲಸ ಸಿಕ್ಕಿತು. ಪುಟದ ಮೇಲೆ ಕಣ್ಣು ಹಾಯಿಸಿದರು. ಸೂತ್ರ ಸರಿಯಾಗಿದೆ. ಲವಣವೂ ಆಮ್ಲವೂ ಸಮ ಇದ್ದುದರಿಂದ ಅನುಪಾತ ಒಂದು. ಒಂದರ ಲಾಗ್ ಸೊನ್ನೆ. ಅದನ್ನೂ ಸರಿಯಾಗಿ ಬರೆದಿದ್ದಾಳೆ. ತಪ್ಪಿರುವುದು ಅದರ ಮುಂದಿನ ಸಾಲಿನಲ್ಲಿ. ಆಮ್ಲದ ಸ್ಥಿರಾಂಕ ಬಹಳ ಸಣ್ಣ ಸಂಖ್ಯೆ. ಒಂದು ಪಾಯಿಂಟ್ ಎಂಟು, ಗುಣಿಸು ಹತ್ತರ ಮೈನಸ್ ಐದನೇ ಘಾತ. ಲಾಗ್ ಟೇಬಲ್ ನೋಡಿ ಅವಳು ಕಾಲು ಎಂದು ತೆಗೆದಿದ್ದಾಳೆ. ಸರಿಯೇ ಇದೆ. ಆದರೆ ಆ ಕಾಲನ್ನು ಮೈನಸ್ ಐದಕ್ಕೆ ಕೂಡಿಸುವಾಗ ಎಡವಿದ್ದಾಳೆ. ಐದು ಮಾತ್ರ ಋಣ, ಕಾಲು ಧನ. ಲಾಗ್ ಟೇಬಲ್ ಬಳಸುವವರು ಐದರ ತಲೆಯ ಮೇಲೆ ಗೆರೆ ಹಾಕಿ ಬಾರ್ ಐದು ಎನ್ನುವುದು ಇದಕ್ಕೇ. ಮೈನಸ್ ಐದಕ್ಕೆ ಕಾಲು ಕೂಡಿಸಿದರೆ ಮೈನಸ್ ನಾಲ್ಕೂಮುಕ್ಕಾಲು. ಅವಳು ಎರಡನ್ನೂ ಋಣ ಎಂದು ಹಿಡಿದು ಮೈನಸ್ ಐದೂಕಾಲು ಮಾಡಿಕೊಂಡಿದ್ದಳು. ಪುಸ್ತಕದ ಉತ್ತರಕ್ಕೂ ಅವಳ ಉತ್ತರಕ್ಕೂ ಅರ್ಧದ ಅಂತರ ಬಂದದ್ದು ಹೀಗೆ.

ಗಮನಿಸಿ. ಆ ಹುಡುಗಿಗೆ ಬಫರ್ ತಿಳಿದಿತ್ತು. ರಸಾಯನಶಾಸ್ತ್ರದಲ್ಲಿ ತೊಂದರೆಯೇ ಇರಲಿಲ್ಲ. ತೊಂದರೆ ಇದ್ದದ್ದು ಪಿಯುಸಿಯಲ್ಲಿ ಅವಸರವಾಗಿ ಮುಗಿಸಿದ ಲಾಗರಿದಮ್‌ನಲ್ಲಿ. ಐದು ನಿಮಿಷದ ಕೆಲಸ. ಆ ಐದು ನಿಮಿಷ ಸಿಗದಿದ್ದರೆ ಏನಾಗುತ್ತಿತ್ತು? ನನಗೆ ಬಫರ್ ಬರುವುದಿಲ್ಲ ಎಂದುಕೊಳ್ಳುತ್ತಿದ್ದಳು. ಆಮೇಲೆ ಎಲೆಕ್ಟ್ರೋಕೆಮಿಸ್ಟ್ರಿ ಬರುವುದಿಲ್ಲ. ಆಮೇಲೆ ಕೈನೆಟಿಕ್ಸ್ ಬರುವುದಿಲ್ಲ. ಎಲ್ಲ ಕಡೆ ಅದೇ ಲಾಗ್ ಕಾಯುತ್ತಾ ಕೂತಿರುತ್ತದಲ್ಲ! ಎರಡನೇ ಸೆಮಿಸ್ಟರ್ ಹೊತ್ತಿಗೆ ನನಗೆ ಕೆಮಿಸ್ಟ್ರಿಯೇ ಆಗಿಬರುವುದಿಲ್ಲ ಎಂಬ ತೀರ್ಪಿಗೆ ಬಂದುಬಿಡುತ್ತಿದ್ದಳು.

ಸೈಕಲ್ ಪಂಕ್ಚರ್ ತಿದ್ದುವವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾನೆ. ಅರ್ಧ ಬಿಡಿಸಿದ ಲೆಕ್ಕ ಆ ನೀರಿನ ಬೋಗುಣಿ. ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂದು ಅದೇ ತೋರಿಸುತ್ತದೆ. ತಪ್ಪು ಬರೆದಿದ್ದರೂ ಚಿಂತೆಯಿಲ್ಲ. ತಪ್ಪಾದ ಸಾಲನ್ನು ಅಳಿಸಬೇಡಿ. ಗೀಟು ಹಾಕಿ ಇಟ್ಟುಕೊಳ್ಳಿ. ಮೇಷ್ಟ್ರಿಗೆ ಬೇಕಾದ್ದು ಅದೇ.

ಕೇಳುವಾಗ ಭಾಷೆಯ ತೊಡಕೂ ಒಂದಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹೆದರಿ ಹಿಂದೆ ಉಳಿಯುತ್ತಾರೆ. ಕನ್ನಡದಲ್ಲೇ ಕೇಳಿ. ಯಾವ ಮೇಷ್ಟ್ರೂ ಬೇಡ ಎನ್ನುವುದಿಲ್ಲ. ಅಂದವರಿದ್ದರೆ ಅವರ ಪಕ್ಕದ ಕುರ್ಚಿಯವರನ್ನು ಕೇಳಿ. ಒಂದು ಪಾಠವನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪಠ್ಯಕ್ಕೆ ಹೋದರೆ ಓದು ಹಗುರಾಗುತ್ತದೆ. ರಸಾಯನಶಾಸ್ತ್ರ ಕಲಿಸಿದ ಜೆ.ಆರ್. ಲಕ್ಷ್ಮಣರಾವ್, ಗಣಿತ ಕಲಿಸಿದ ಜಿ.ಟಿ. ನಾರಾಯಣರಾವ್, ಸಸ್ಯಶಾಸ್ತ್ರದ ಪ್ರೊಫೆಸರ್ ಬಿ.ಜಿ.ಎಲ್. ಸ್ವಾಮಿ, ಇವರೆಲ್ಲ ಕನ್ನಡದಲ್ಲಿ ವಿಜ್ಞಾನ ಬರೆದವರು. ಇವರ ಪುಸ್ತಕಗಳು ಹಳೆಯ ಕಾಲೇಜು ಗ್ರಂಥಾಲಯಗಳಲ್ಲಿ ಸಾಹಿತ್ಯದ ಬೀರುವಿನಲ್ಲಿ ಸೇರಿಕೊಂಡಿರುವುದುಂಟು. ಸೈನ್ಸ್ ಹುಡುಗರು ಆ ಕಡೆ ಸುಳಿಯುವುದಿಲ್ಲ. ಸುಳಿಯಿರಿ.

ಸರಿ. ಅಂಜಿಕೆ ಬಿಡಬೇಕು ಎಂದೆ. ಕೈಯಲ್ಲಿ ಅರ್ಧ ಬಿಡಿಸಿದ ಲೆಕ್ಕ ಇರಬೇಕು ಎಂದೆ. ಈಗ ಲ್ಯಾಬಿಗೆ ಹೋಗೋಣ. ಅಲ್ಲಿ ಲೆಕ್ಕದ ಬದಲು ಅರ್ಧ ಕೆಟ್ಟ ಪ್ರಯೋಗ ಇರುತ್ತದೆ.

ಪರ್ಮಾಂಗನೇಟ್ ಟೈಟ್ರೇಶನ್ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಬ್ಯುರೆಟ್ಟಿನಲ್ಲಿ ಕಡು ನೇರಳೆ ಬಣ್ಣದ ದ್ರಾವಣ. ಕೆಳಗೆ ಕೋನಿಕಲ್ ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ನೀರಿನಂತೆ ತಿಳಿ. ಮೇಲಿನಿಂದ ತೊಟ್ಟು ತೊಟ್ಟಾಗಿ ಬಿಟ್ಟರೆ ನೇರಳೆ ಬಣ್ಣ ಮಾಯವಾಗುತ್ತಾ ಹೋಗಬೇಕು. ಕೊನೆಗೊಂದು ತೊಟ್ಟಿಗೆ ತಿಳಿ ಗುಲಾಬಿ ನಿಲ್ಲಬೇಕು. ಅದು ಎಂಡ್ ಪಾಯಿಂಟ್. ಆದರೆ ಒಬ್ಬ ಹುಡುಗಿಯ ಫ್ಲಾಸ್ಕಿನಲ್ಲಿ ಗುಲಾಬಿ ಬರಲಿಲ್ಲ. ಚಹದ ಬಣ್ಣದ ಗಸಿ ಬಂತು. ಪಕ್ಕದವಳ ರೀಡಿಂಗ್ ನಕಲು ಮಾಡೋಣವೇ ಎಂದು ಅವಳು ಕಣ್ಣು ಹಾಯಿಸುತ್ತಿದ್ದಳು. ಮೇಡಂ ಇನ್ನೊಂದು ಟೇಬಲ್ಲಿನಲ್ಲಿದ್ದರು. ಅಟೆಂಡರ್ ಬಂದರು. ಲ್ಯಾಬಿನಲ್ಲೇ ತಲೆ ನರೆತವರು. ಫ್ಲಾಸ್ಕ್ ನೋಡಿದ ಕೂಡಲೇ ಕೇಳಿದರು.

‘ತಂಗಿ, ಸಲ್ಫ್ಯೂರಿಕ್ ಎಷ್ಟ ಹಾಕೀ?’

‘ಸ್ವಲ್ಪ ಹಾಕೀನ್ರಿ ಕಾಕಾ.’

‘ಸ್ವಲ್ಪ ಅಂದ್ರ? ಟೆಸ್ಟ್ ಟ್ಯೂಬ್ ತುಂಬ ಹಾಕಬೇಕು. ಬಿಸೀನೂ ಆರೇದ. ಚೆಲ್ಲಿ ಹೊಸದಾಗಿ ತಗೋ.’

ಅಷ್ಟೇ. ಅವರು ಹೇಳಿದ್ದರ ಹಿಂದೆ ಪಾಠವೇ ಇದೆ. ಆಮ್ಲ ಕಡಿಮೆಯಾದರೆ ಪರ್ಮಾಂಗನೇಟ್ ಪೂರ್ತಿ ಅಪಕರ್ಷಣೆಯಾಗುವುದಿಲ್ಲ, ಅರ್ಧ ದಾರಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಲ್ಲುತ್ತದೆ. ಆ ಕಂದು ಗಸಿ ಅದೇ. ದ್ರಾವಣ ಸುಮಾರು 60 ಡಿಗ್ರಿ ಬಿಸಿ ಇರದಿದ್ದರೆ ಕ್ರಿಯೆ ನಿಧಾನವಾಗುತ್ತದೆ. ಬಿಸಿ ಇದ್ದರೂ ಮೊದಲ ತೊಟ್ಟುಗಳ ಬಣ್ಣ ಬೇಗ ಹೋಗುವುದಿಲ್ಲ. ಎಂಡ್ ಪಾಯಿಂಟ್ ಬಂದೇಬಿಟ್ಟಿತು ಎಂದು ಹೊಸಬರು ಗಾಬರಿಯಾಗುತ್ತಾರೆ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ. ಆಮೇಲೆ ಬಣ್ಣ ಬಿದ್ದ ಹಾಗೇ ಮಾಯ. ಬ್ಯುರೆಟ್ ಓದುವುದರಲ್ಲೂ ಒಂದು ಗುಟ್ಟಿದೆ. ತಿಳಿ ದ್ರಾವಣವಾದರೆ ಅದರ ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಪರ್ಮಾಂಗನೇಟಿನಲ್ಲಿ ಬಣ್ಣ ಗಾಢವಾಗಿ ತಳ ಕಾಣುವುದಿಲ್ಲ. ಅದಕ್ಕೆ ಮೇಲಿನ ಅಂಚನ್ನು ಓದಬೇಕು. ಇದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಲ್ಯಾಬಿನವರು ಕೈ ಹಿಡಿದು ತೋರಿಸುತ್ತಾರೆ.

ಆ ಹುಡುಗಿ ಪಕ್ಕದವಳ ರೀಡಿಂಗ್ ಬರೆದಿದ್ದರೆ ಅಂಕ ಬರುತ್ತಿತ್ತು. ಕಂದು ಗಸಿ ಯಾಕೆ ಬಂತು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ವೈವಾದಲ್ಲಿ ಕೇಳುವುದು ಅದನ್ನೇ. ರೆಕಾರ್ಡ್ ಬರೆಸಿಕೊಳ್ಳುವವರು, ಹಿಂದಿನ ವರ್ಷದ ರೆಕಾರ್ಡ್ ಕೊಂಡು ನಕಲು ಮಾಡುವವರು ಈಗಲೂ ಇದ್ದಾರೆ. ಅದೂ ಒಂದು ನೆರವು ಎಂದೇ ಅವರು ತಿಳಿದಿರುತ್ತಾರೆ. ಹೇಳಿ ಪ್ರಯೋಜನವಿಲ್ಲ, ಬಿಡಿ.

ಇಲ್ಲಿಯವರೆಗೆ ಡಿಪಾರ್ಟ್‌ಮೆಂಟು ನೋಡಿದೆವು, ಲ್ಯಾಬು ನೋಡಿದೆವು. ಎರಡು ಕಡೆಯೂ ನಮ್ಮ ಅರೆಬರೆ ಕೆಲಸವನ್ನು ತೋರಿಸಿದರೆ ನೆರವು ಸಿಕ್ಕಿತು. ಮೇಷ್ಟ್ರೇ ಸಿಗದಿದ್ದರೆ ಏನು ಮಾಡುವುದು? ಈ ಪ್ರಶ್ನೆ ನ್ಯಾಯವಾದದ್ದು. ಸರ್ಕಾರಿ ಕಾಲೇಜುಗಳಲ್ಲಿ ಎಷ್ಟೋ ಪಾಠಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲಿವೆ. ಅವರಿಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವುದಿರುತ್ತದೆ. ಕಾಯಂ ಉಪನ್ಯಾಸಕರಿಗೆ ಪಾಠದ ಜೊತೆ ಕಾಗದಪತ್ರದ ಕೆಲಸ. ಮೆಂಟರ್ ಪುಸ್ತಕದ ಕಥೆಯಂತೂ ಹೇಳುವುದೇ ಬೇಡ. ಕೆಲವು ಕಡೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಪಾಸಣೆ ಬಂದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ.

ಆದರೂ ದಾರಿ ಇದೆ. ಅತಿಥಿ ಉಪನ್ಯಾಸಕರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನವರು. ನಿಮ್ಮ ಪಠ್ಯವನ್ನು ಇತ್ತೀಚೆಗೆ ತಾವೇ ಓದಿ ಬಂದವರು. ಎಲ್ಲಿ ಕಷ್ಟ ಎಂದು ಅವರಿಗೆ ನೆನಪಿರುತ್ತದೆ. ಪಾಠ ಮುಗಿದ ಕೂಡಲೇ ಬಾಗಿಲ ಹತ್ತಿರವೇ ಕೇಳಿ. ನಾಳೆ ಯಾವಾಗ ಸಿಗುತ್ತೀರಿ ಎಂದು ಕೇಳಿ. ಎರಡನೇ, ಮೂರನೇ ವರ್ಷದ ಸೀನಿಯರ್‌ಗಳನ್ನು ಕೇಳಿ. ರ‍್ಯಾಗಿಂಗಿನ ಸುದ್ದಿ ಓದಿ ಸೀನಿಯರ್ ಎಂದರೆ ಹೆದರುವ ಮಕ್ಕಳಿದ್ದಾರೆ. ಆದರೆ ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಗಣಿತ ಹೇಳಿಕೊಡಲು ಕೂತರೆ ಇಡೀ ಬ್ಲಾಕು ಪಾಸಾಗುವುದನ್ನು ನಾನು ಕಂಡಿದ್ದೇನೆ.

ನಿಮ್ಮದೇ ಗುಂಪು ಕಟ್ಟಿಕೊಳ್ಳಿ. ಮೂವರೋ ನಾಲ್ವರೋ ಸಾಕು. ಹತ್ತು ಜನ ಸೇರಿದರೆ ಹರಟೆಯಾಗುತ್ತದೆ. ಒಂದು ನಿಯಮ ಮಾತ್ರ ಮರೆಯಬೇಡಿ. ಲೆಕ್ಕವನ್ನು ಎಲ್ಲರೂ ಮೊದಲು ಒಬ್ಬೊಬ್ಬರೇ ಮಾಡಿಕೊಂಡು ಬರಬೇಕು. ಬರ್ಕ್‌ಲಿಯ ಹುಡುಗರು ಮಾಡುತ್ತಿದ್ದದ್ದು ಅದೇ. ಖಾಲಿ ಕೈಯಲ್ಲಿ ಬಂದರೆ ಒಬ್ಬ ಮಾಡುತ್ತಾನೆ, ಮೂವರು ಬರೆದುಕೊಳ್ಳುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಕೂತು ಓದಲು ಹೊತ್ತಿಲ್ಲ ಎಂಬುದು ನಿಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು, ಹೊತ್ತು ಉಳಿಯಲಿಲ್ಲ. ಊಟದ ಬಿಡುವಿನ ಅರ್ಧ ತಾಸು ಇದೆಯಲ್ಲ, ಅದನ್ನು ಹಿಡಿದುಕೊಳ್ಳಿ. ಬಸ್ಸಿನಲ್ಲಿ ಅಕ್ಕಪಕ್ಕ ಕೂತಾಗ ಒಬ್ಬರು ಪ್ರಶ್ನೆ ಕೇಳಿ, ಇನ್ನೊಬ್ಬರು ಪುಸ್ತಕ ನೋಡದೆ ಹೇಳಿ. ನಿಂತು ಬರುವ ದಿನ ಇದು ಆಗದು, ಗೊತ್ತಿದೆ.

ಈಗ ಮೇಷ್ಟ್ರು, ಅಟೆಂಡರ್, ಸೀನಿಯರ್, ಗೆಳೆಯರು ಎಲ್ಲರ ಹತ್ತಿರ ಹೋಗಿಬಂದೆವು. ಉಳಿದದ್ದು ಗ್ರಂಥಾಲಯ. ಲೈಬ್ರರಿಯನ್ ಅವರನ್ನು ಎರಡು ಪ್ರಶ್ನೆ ಕೇಳಿ. ಒಂದು, ಹಿಂದಿನ ಪ್ರಶ್ನೆಪತ್ರಿಕೆಗಳು ಎಲ್ಲಿವೆ? ಎರಡು, ನಮ್ಮ ಕಾಲೇಜಿಗೆ ಎನ್-ಲಿಸ್ಟ್ ಎಂಬ ಅಂತರಜಾಲ ಗ್ರಂಥಾಲಯದ ಸೌಲಭ್ಯ ಇದೆಯೇ? ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಕಾಲೇಜು ಸದಸ್ಯನಾಗಿದ್ದರೆ ವಿದ್ಯಾರ್ಥಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಸಿಗುತ್ತದೆ. ಸಾವಿರಾರು ನಿಯತಕಾಲಿಕೆಗಳು, ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಮನೆಯ ಫೋನಿನಲ್ಲೇ ತೆರೆಯುತ್ತವೆ. ಸದಸ್ಯತ್ವ ಇದ್ದೂ ಪಾಸ್‌ವರ್ಡ್ ಕೇಳದೆ ಮೂರು ವರ್ಷ ಮುಗಿಸಿದವರು ಬೇಕಾದಷ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ರೆಸೊನೆನ್ಸ್ ಎಂಬ ಮಾಸಪತ್ರಿಕೆ ತರುತ್ತದೆ. 1996ರಿಂದ ಬರುತ್ತಿದೆ. ಬರೆಯುವುದೇ ಪದವಿ ವಿದ್ಯಾರ್ಥಿಗಳಿಗೆ. ಅಂತರಜಾಲದಲ್ಲಿ ಉಚಿತ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ಮಾಡಿದ ಎನ್‌ಪಿಟಿಇಎಲ್ ವಿಡಿಯೋ ಪಾಠಗಳಿವೆ. ಇಂಗ್ಲಿಷ್ ವೇಗವಾಯಿತು ಎನಿಸಿದರೆ ವಿಡಿಯೋದ ವೇಗ ಮುಕ್ಕಾಲಿಗೆ ಇಳಿಸಿ. ತರಗತಿಯಲ್ಲಿ ಮೇಷ್ಟ್ರನ್ನು ಹೀಗೆ ನಿಧಾನಿಸಲು ಬರುವುದಿಲ್ಲ.

ಇನ್ನು ಫೋನಿನ ಎಐ. ಪ್ರಶ್ನೆಯ ಫೋಟೋ ಹಾಕಿದರೆ ಕ್ಷಣದಲ್ಲಿ ಪೂರ್ತಿ ಉತ್ತರ. ನನ್ನ ತಕರಾರು ಇರುವುದು ಆ ಪೂರ್ತಿ ಎಂಬುದಕ್ಕೇ. ಎಲ್ಲಿ ಎಡವುತ್ತೀರಿ ಎಂದು ನಿಮಗೇ ತಿಳಿಯುವ ಮೊದಲು ಲೆಕ್ಕ ಮುಗಿದುಹೋಗಿರುತ್ತದೆ. ಕೆಲವೊಮ್ಮೆ ಉತ್ತರ ತಪ್ಪಾಗಿರುತ್ತದೆ, ಅದೂ ಬಹಳ ಗತ್ತಿನಿಂದ. ಕೇಳುವುದಾದರೆ ನಿಮ್ಮ ಅರ್ಧ ಲೆಕ್ಕ ಹಾಕಿ, ತಪ್ಪಿದ ಸಾಲು ಯಾವುದು ಎಂದಷ್ಟೇ ಕೇಳಿ. ಅದು ಹೇಳಿದ್ದನ್ನು ಪುಸ್ತಕಕ್ಕೆ ತಾಳೆ ಹಾಕಿ ನೋಡಿ.

ಇಷ್ಟೆಲ್ಲ ಓಡಾಟದಿಂದ ಅಂಕವಲ್ಲದೆ ಇನ್ನೊಂದು ಫಲವಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಒಂದು ಬೆಂಗಳೂರಿನದು, ಒಂದು ದೆಹಲಿಯದು, ಒಂದು ಪ್ರಯಾಗರಾಜದ್ದು. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು. ಖರ್ಚಿಗೆ ಹಣವೂ ಸಿಗುತ್ತದೆ. ಬಿ.ಎಸ್‌ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ನಿಮ್ಮ ಅಧ್ಯಾಪಕರೊಬ್ಬರ ಶಿಫಾರಸು ಪತ್ರ ಬೇಕು. ಇಲ್ಲೇ ಬಹಳ ಮಂದಿ ತಡವರಿಸುವುದು. ಎಂದೂ ಮಾತಾಡಿಸದ ಹುಡುಗನ ಬಗ್ಗೆ ಮೇಷ್ಟ್ರು ಏನು ಬರೆಯಬೇಕು? ಹಾಜರಾತಿ ಚೆನ್ನಾಗಿದೆ, ನಡತೆ ಒಳ್ಳೆಯದು ಎಂದು ಬರೆಯುತ್ತಾರೆ. ಲಾಗ್‌ನಲ್ಲಿ ಎಡವಿ ನೋಟ್‌ಬುಕ್ ಹಿಡಿದು ಬಂದಿದ್ದಳಲ್ಲ, ಅವಳ ಬಗ್ಗೆ ಬರೆಯಲು ಒಂದು ಪುಟ ಸಾಲುವುದಿಲ್ಲ.

ಸೆಮಿಸ್ಟರ್ ಎಂದರೆ ಸುಮಾರು ಹದಿನಾರು ವಾರ. ಕೆಲವು ವಾರ ಆಗಲೇ ಹೋಗಿವೆ. ಮೊದಲ ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆ ಇನ್ನೇನು ಕೈಗೆ ಬರುತ್ತದೆ. ಅಂಕ ನೋಡಿ ಮಡಚಬೇಡಿ. ಅಂಕ ಹೋದ ಮೊದಲ ಜಾಗ ಯಾವುದು ಹುಡುಕಿ. ಆ ಪ್ರಶ್ನೆಯನ್ನು ಮನೆಯಲ್ಲಿ ಇನ್ನೊಮ್ಮೆ ಬಿಡಿಸಲು ನೋಡಿ. ಎಷ್ಟು ಬರುತ್ತದೋ ಅಷ್ಟು. ಅದನ್ನು ಹಿಡಿದು ಮರುದಿನವೇ ಹೋಗಿ. ಒಬ್ಬರೇ ಹೋಗಲು ಸಂಕೋಚವಾದರೆ ಇಬ್ಬರು ಹೋಗಿ.

ಮನೆಯ ಹಿರಿಯರೆ, ನಿಮ್ಮಲ್ಲಿ ಒಂದು ಬೇಡಿಕೆ ಇದೆ ಎಂದಿದ್ದೆ. ಡಿಪಾರ್ಟ್‌ಮೆಂಟಿನಲ್ಲಿ ಮೇಷ್ಟ್ರು ಬಿಡುವಾಗಿ ಸಿಗುವುದು ಸಾಮಾನ್ಯವಾಗಿ ತರಗತಿಗಳು ಮುಗಿದ ಮೇಲೆ. ಅದೇ ಹೊತ್ತಿಗೆ ನಿಮ್ಮ ಊರಿನ ಬಸ್ಸೂ ಹೊರಡುತ್ತದೆ. ಗಂಡುಮಗ ಒಂದು ಬಸ್ಸು ತಪ್ಪಿಸಿ ಬಂದರೆ ಯಾರೂ ಕೇಳುವುದಿಲ್ಲ. ಮಗಳು ಬಂದರೆ ಮನೆಯವರೆಲ್ಲ ಬಾಗಿಲಲ್ಲಿ ನಿಂತಿರುತ್ತೀರಿ. ಕಾಳಜಿ ಸಹಜವೇ. ಆದರೆ ವಾರಕ್ಕೆ ಒಂದು ದಿನ, ಯಾವ ದಿನ ಎಂದು ಮೊದಲೇ ಮಾತಾಡಿಕೊಂಡು, ಅವಳು ಮುಂದಿನ ಬಸ್ಸಿಗೆ ಬರಲಿ. ಆ ಬಸ್ಸು ಎಷ್ಟು ಗಂಟೆಗೆ ಎಂದು ಕಂಡಕ್ಟರನ್ನು ಕೇಳಿ ಇಟ್ಟುಕೊಳ್ಳಿ.